ತಂದಲ್ಲಿಗೇ ಮರಳುವ ನೀರು

ನೀರನ್ನು ಸೋಸದೆ ಬಳಸಬಾರದೆಂಬುದು ಶ್ರಾವಕಾಚಾರದ ಮೊದಲ ಪಾಠಗಳಲ್ಲೊಂದು. ನೀರೇ ಅಪ್ಕಾಯಿಕ ಜೀವಗಳ ಶರೀರ. ಅದರೊಳಗೆ ಚಲಿಸುವ ತ್ರಸಜೀವಗಳು ಬೇರೆ. ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹಾಕಿ ಸೋಸುವ ಜಲಗಾಲನ ವಿಧಿಯನ್ನು ಎಲ್ಲರೂ ಬಲ್ಲರು. ಅದರ ಉತ್ತರಾರ್ಧವನ್ನು ನೆನೆಯುವವರು ಮಾತ್ರ ಕಡಿಮೆ. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಸೋಸಿದ ನೀರಿನಿಂದಲೇ ಮೆಲ್ಲನೆ ತೊಳೆದು, ಯಾವ ಬಾವಿಯಿಂದ ನೀರು ಸೇದಿದರೋ ಅದೇ ಬಾವಿಗೆ ಮರಳಿಸಬೇಕು. ಮೇಲಿನಿಂದ ಸುರಿಯುವಂತಿಲ್ಲ, ಪಾತ್ರೆಯನ್ನು ನೀರಿನ ಮಟ್ಟದವರೆಗೆ ಇಳಿಸಿ ಬಿಡಬೇಕು.

ನಲ್ಲಿ ಬಂದ ಮೇಲೆ ಬಾವಿ ಮರೆಯಾಯಿತು. ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ ಬರುತ್ತದೆ. ಬಳಸಿದ ಮೇಲೆ ಅದು ಹೋಗುವುದೆಲ್ಲಿಗೆ? ನಗರದ ಪಶ್ಚಿಮ ಭಾಗದ ನೀರು ವೃಷಭಾವತಿಗೆ ಸೇರಿ, ಬಿಡದಿ ಸಮೀಪದ ಬೈರಮಂಗಲ ಕೆರೆಯನ್ನು ಹಾದು, ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಕಾವೇರಿಗೇ ಬಂದು ಬೀಳುತ್ತದೆ. ತಂದ ನದಿಗೇ ನೀರು ಮರಳಿತು, ನಿಜ; ಕಪ್ಪಾಗಿ, ನೊರೆಯೆದ್ದು ಮರಳಿತು. ಬಸವನಗುಡಿಯ ಬಸವನೊಡನೆ ಬೆಸೆದ ಹೆಸರು ಈ ಹೊಳೆಯದು. ಆದಿ ತೀರ್ಥಂಕರರ ಲಾಂಛನವೂ ವೃಷಭವೇ ಎಂಬುದು ನೆನಪಾದಾಗ ಮನಸ್ಸಿಗೆ ಕಸಿವಿಸಿಯಾಗದಿರದು.

ಕೊಳಚೆಯಲ್ಲಿರುವ ಆಹಾರದ ಶೇಷ, ಮಲ ಮುಂತಾದವನ್ನು ಸೂಕ್ಷ್ಮಾಣುಗಳು ಕೊಳೆಯಿಸುವಾಗ ನೀರಿನಲ್ಲಿ ಕರಗಿದ ಆಮ್ಲಜನಕ ಮುಗಿಯುತ್ತ ಬರುತ್ತದೆ. ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಯಾರೂ ಬಲೆ ಬೀಸಿಲ್ಲ, ಗಾಳ ಹಾಕಿಲ್ಲ. ಹಿಂಸೆ ಮಾತ್ರ ನಡೆದುಹೋಗಿದೆ. ಸ್ನಾನಕ್ಕೆ ಯೋಗ್ಯವೆನಿಸಲು ಒಂದು ಲೀಟರ್ ನದಿನೀರಿನಲ್ಲಿ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು. ಶುದ್ಧೀಕರಣ ಘಟಕದಲ್ಲಿ ಜಾಲರಿ ಕಸವನ್ನು ತಡೆಯುತ್ತದೆ, ತೊಟ್ಟಿಯಲ್ಲಿ ಮರಳು ತಂಗುತ್ತದೆ. ಬಳಿಕ ಗಾಳಿ ಊದಿ, ನದಿಯಲ್ಲಿ ನಡೆಯಬೇಕಿದ್ದ ಕೊಳೆಯುವಿಕೆಯನ್ನು ಅಲ್ಲಿಯೇ ಮುಗಿಸುತ್ತಾರೆ.

ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯ ಹೇಳುವ ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ. ಮಲಮೂತ್ರಾದಿಗಳನ್ನು ಜೀವರಹಿತ ಸ್ಥಳವನ್ನು ನೋಡಿ ವಿಸರ್ಜಿಸಬೇಕೆಂಬ ಈ ನಿಯಮ ಮುನಿಗಳದು. ಗೃಹಸ್ಥನಿಗೆ ಆ ಕಟ್ಟುನಿಟ್ಟಿಲ್ಲ. ಸ್ಥಳ ನೋಡುವ ಹೊಣೆಯನ್ನು ಅವನು ನಗರಕ್ಕೆ ಒಪ್ಪಿಸಿದ್ದಾನೆ. ಆದರೆ ತನ್ನಲ್ಲಿಗೆ ತಲುಪದ ನೀರನ್ನು ಯಾವ ಘಟಕವೂ ಶುದ್ಧಗೊಳಿಸಲಾರದು. ಮಳೆನೀರಿಗೆಂದೇ ಇರುವ ರಾಜಕಾಲುವೆಗೆ ಬಚ್ಚಲಿನ ಕೊಳವೆ ಜೋಡಿಸಿದರೆ ಕೊಳಚೆ ನೇರ ಹೊಳೆಗೆ. ತಾರಸಿಯ ಮಳೆನೀರನ್ನು ಒಳಚರಂಡಿಗೆ ಬಿಟ್ಟರೆ ಮಳೆಗಾಲದಲ್ಲಿ ಅದು ಉಕ್ಕಿ, ಆಗಲೂ ಕೊಳಚೆ ಹೊಳೆಯ ದಾರಿಯನ್ನೇ ಹಿಡಿಯುತ್ತದೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಗಳಲ್ಲಿಯೂ ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯುವುದುಂಟು. ಅದು ಕೊಳವೆಯೊಳಗೆ ಗಟ್ಟಿಯಾಗಿ ದಾರಿ ಕಟ್ಟುತ್ತದೆ.

ಮನೆಯ ನೀರು ಎಲ್ಲಿಗೆ ಸೇರುತ್ತಿದೆಯೆಂದು ತಿಳಿಯುವುದು ಕಷ್ಟವಲ್ಲ. ಒಂದು ಬಕೆಟ್ ನೀರಿಗೆ ಅರಿಶಿನ ಕದಡಿ ಬಚ್ಚಲಿಗೆ ಸುರಿದು, ಹೊರಗಿನ ಚೇಂಬರಿನ ಮುಚ್ಚಳ ತೆಗೆಸಿ ನೋಡಿದರೆ ಹಳದಿ ಬಣ್ಣ ಯಾವ ಕಡೆ ಹರಿಯಿತೆಂಬುದು ಕಾಣುತ್ತದೆ.