ನೆಲವಿಲ್ಲದವರ ತೋಟ

ಸ್ವಿಟ್ಜರ್ಲೆಂಡಿನ ಹಳ್ಳಿಮನೆಯ ಚಿತ್ರ ಯಾವ ಕ್ಯಾಲೆಂಡರಿನಲ್ಲಿ ಬಂದರೂ ಎರಡು ಸಂಗತಿ ತಪ್ಪುವುದಿಲ್ಲ. ಹಿಂದೆ ಹಿಮ ಹೊದ್ದ ಬೆಟ್ಟ, ಮುಂದೆ ಕಿಟಕಿಯ ಬುಡದಲ್ಲಿ ಮರದ ಪೆಟ್ಟಿಗೆ ತುಂಬಿ ಇಳಿಬಿದ್ದ ಕೆಂಪು ಜೆರೇನಿಯಂ. ಆ ಹೂ ಆ ಬೆಟ್ಟದ್ದೇ ಅನ್ನಿಸುತ್ತದೆ. ಆದರೆ ಇಬ್ಬನಿ ಹೆಪ್ಪುಗಟ್ಟುವ ಚಳಿ ಬಿದ್ದರೆ ಉಳಿಯದ ಗಿಡ ಅದು. ಅದರ ತವರು ಆಫ್ರಿಕಾದ ದಕ್ಷಿಣ ತುದಿಯ ಕೇಪ್ ಪ್ರಾಂತ್ಯ.

ಕಿಟಕಿ ತೋಟದ ಕಥೆ ಮಾತ್ರ ಈ ಹೂವಿಗಿಂತ ಬಹಳ ಹಳೆಯದು. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದಾಗ ತೀರಿಕೊಂಡ ಹಿರಿಯ ಪ್ಲಿನಿ ತನ್ನ ನಿಸರ್ಗ ಚರಿತ್ರೆಯಲ್ಲಿ ರೋಮ್ ನಗರದ ಸಾಮಾನ್ಯ ಜನರ ಬಗ್ಗೆ ಒಂದು ಮಾತು ಬರೆದಿದ್ದಾನೆ. ಹಿಂದೆ ಅವರು ಕಿಟಕಿಯಲ್ಲೇ ಪುಟ್ಟ ತೋಟ ಮಾಡಿಕೊಂಡು ಹಳ್ಳಿಯ ನೋಟವನ್ನು ದಿನವೂ ಕಣ್ಣೆದುರು ಇರಿಸಿಕೊಳ್ಳುತ್ತಿದ್ದರಂತೆ. ಕಳ್ಳಕಾಕರ ಹಾವಳಿ ಹೆಚ್ಚಿ ಕಿಟಕಿಗಳಿಗೆಲ್ಲ ತಡೆ ಹಾಕಬೇಕಾಗಿ ಬಂದ ಮೇಲೆ ಅದೂ ಹೋಯಿತಂತೆ. ಬಹುಮಹಡಿಯ ಬಾಡಿಗೆ ಮನೆಗಳಲ್ಲಿ ಒತ್ತೊತ್ತಾಗಿ ಬದುಕುತ್ತಿದ್ದ ಆ ಜನಕ್ಕೆ ಅಂಗಳ ಎಲ್ಲಿಂದ ಬರಬೇಕು? ನೆಲವಿಲ್ಲದವರು ಕಂಡುಕೊಂಡ ದಾರಿ ಇದು. ಈ ಕಥೆಯ ಜೀವಾಳವೂ ಇದೇ ಎಂದು ನನ್ನ ನಂಬಿಕೆ.

ಈ ಕಿಟಕಿ ತೋಟಕ್ಕೆ ಜೆರೇನಿಯಂ ಸೇರಿದ್ದು ಬಹಳ ತಡವಾಗಿ. ಕೇಪ್‌ನಿಂದ ಅದು ಯುರೋಪಿಗೆ ಬಂದದ್ದು ಹಡಗಿನಲ್ಲಿ. 1631ರ ಹೊತ್ತಿಗೆ ಇಂಗ್ಲೆಂಡಿನ ತೋಟಗಾರ ಜಾನ್ ಟ್ರಡೆಸ್ಕಂಟ್ ಪ್ಯಾರಿಸ್ಸಿನಿಂದ ಈ ಕುಲದ ಒಂದು ಗಿಡವನ್ನು ತರಿಸಿಕೊಂಡಿದ್ದ. ಪೆಟ್ಟಿಗೆಯಿಂದ ಬಳ್ಳಿಯಂತೆ ಇಳಿಬೀಳುವ ಜಾತಿಯನ್ನು 1700ರಲ್ಲಿ ಕೇಪ್‌ನ ಡಚ್ ಗವರ್ನರ್ ವಿಲೆಮ್ ಆಡ್ರಿಯಾನ್ ವಾನ್ ಡೆರ್ ಸ್ಟೆಲ್ ಹಾಲೆಂಡಿಗೆ ಕಳುಹಿಸಿದ. ಬೇಸಿಗೆಯ ಒಣ ಹವೆಯಲ್ಲಿ, ಕಲ್ಲುಮಣ್ಣಿನಲ್ಲಿ ಬೆಳೆದು ಬಂದ ಗಿಡ. ದಪ್ಪ ಕಾಂಡದಲ್ಲಿ, ರಸ ತುಂಬಿದ ಎಲೆಯಲ್ಲಿ ನೀರು ಹಿಡಿದಿಟ್ಟುಕೊಳ್ಳುತ್ತದೆ. ಗೇಣುದ್ದದ ಮಣ್ಣು, ಗಾಳಿ, ಬಿಸಿಲು, ಎರಡು ದಿನ ನೀರು ಹಾಕಲು ಮರೆಯುವ ಯಜಮಾನ, ಯಾವುದಕ್ಕೂ ಅದು ಜಗ್ಗುವುದಿಲ್ಲ. ಕಿಟಕಿ ಪೆಟ್ಟಿಗೆಗೆ ಹೇಳಿ ಮಾಡಿಸಿದಂತಿರುವುದು ಹೀಗೆ.

ಹಾಗಾದರೆ ಕುಂಡ ಸಾಕಿತ್ತು, ಪೆಟ್ಟಿಗೆ ಏಕೆ? ಆಲ್ಪ್ಸ್ ಸೀಮೆಯ ಚಳಿಯಲ್ಲಿ ಇದಕ್ಕೆ ಉತ್ತರವಿದೆ. ಮೇ 15ರ ಸಂತ ಸೋಫಿಯಾಳ ದಿನ ಕಳೆಯುವವರೆಗೆ ಅಲ್ಲಿ ನಾಜೂಕಿನ ಗಿಡಗಳನ್ನು ಹೊರಗಿಡುವುದಿಲ್ಲ. ಅದಕ್ಕೂ ಮುಂಚಿನ ಕೆಲವು ದಿನಗಳಲ್ಲಿ ಬರುವ ಸಂತರನ್ನು ಜನ ಹಿಮದ ಸಂತರೆಂದೇ ಕರೆಯುತ್ತಾರೆ. ಶರತ್ಕಾಲದಲ್ಲಿ ಮತ್ತೆ ಎಲ್ಲವನ್ನೂ ನೆಲಮಾಳಿಗೆಗೆ ಸಾಗಿಸಬೇಕು. ಐದಾರು ಗಿಡ ಒಟ್ಟಿಗೆ ಕೂತ ಪೆಟ್ಟಿಗೆಯಾದರೆ ಎರಡು ಕೈಯಲ್ಲಿ ಒಂದೇ ಸಲಕ್ಕೆ ಎತ್ತಬಹುದು. ಕುಂಡಕ್ಕಿಂತ ಮಣ್ಣು ಹೆಚ್ಚು ಹಿಡಿಯುವುದರಿಂದ ಬೇಗ ಒಣಗುವುದೂ ಇಲ್ಲ. ಮರವೂ ಅಲ್ಲಿಯದೇ, ಲಾರ್ಚ್. ಅದರ ತಿರುಳಿನಲ್ಲಿ ರಾಳ ತುಂಬಿರುವುದರಿಂದ ಮಳೆ ಬಿಸಿಲಿಗೆ ತಾಳುತ್ತದೆ. ಅಲ್ಲಿನ ಕಿಟಕಿಯ ಗಾಜಿನ ಬಾಗಿಲು ಒಳಮುಖವಾಗಿ ತೆರೆದುಕೊಳ್ಳುತ್ತದೆ, ಹೊರಗಿನ ಹೂವಿಗೆ ತಾಗುವ ಮಾತೇ ಇಲ್ಲ.

ನೆಲವಿಲ್ಲದವರ ಕಥೆ ಮತ್ತೆ ಸಿಗುವುದು ಲಂಡನ್ನಿನಲ್ಲಿ. ಅಲ್ಲಿ 1696ರಿಂದ 1851ರವರೆಗೆ ಕಿಟಕಿಗೇ ತೆರಿಗೆಯಿತ್ತು. ಅದು ರದ್ದಾದ ಕೆಲವೇ ವರ್ಷಗಳಲ್ಲಿ, ಬ್ಲೂಮ್ಸ್‌ಬರಿಯ ಪಾದ್ರಿ ಸ್ಯಾಮ್ಯುಯೆಲ್ ಹ್ಯಾಡನ್ ಪಾರ್ಕ್ಸ್ ಬಡವರ ಕೇರಿಗಳಲ್ಲಿ ಕಿಟಕಿ ಗಿಡಗಳ ಪ್ರದರ್ಶನ ನಡೆಸಿ, 1864ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದ. ಒಂದೇ ಕೋಣೆಯಲ್ಲಿ ಸಂಸಾರ ಮಾಡುವವರು ಬೆಳೆಸಿದ ಗಿಡಕ್ಕೂ ಬಹುಮಾನ ಸಲ್ಲಬೇಕು ಎಂದು ಯೋಚಿಸಿದ ಆತ ನನಗೆ ದೊಡ್ಡವನಾಗಿ ಕಾಣುತ್ತಾನೆ.

ಇಂಥ ಪೆಟ್ಟಿಗೆಯನ್ನು ನಮ್ಮ ಮನೆಗೆ ತರಬೇಕೆಂದರೆ ಒಂದು ತೊಡಕಿದೆ. ನಮ್ಮಲ್ಲಿ ಕಿಟಕಿಯ ಬಾಗಿಲು ಹೊರಕ್ಕೆ ತೆರೆಯುವುದೇ ಹೆಚ್ಚು, ಒಳಗೆ ಸರಳು. ಪೆಟ್ಟಿಗೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರೆ ಬಾಗಿಲು ತೆರೆಯಲಾಗದು. ಆದ್ದರಿಂದ ಕಟ್ಟೆಗಿಂತ ಒಂದಡಿ ಕೆಳಗೆ ಗೋಡೆಗೆ ಕಬ್ಬಿಣದ ಆಂಗಲ್ ಹೊಡೆಸಿ ಕೂರಿಸಬೇಕು. ಹೊರಚಾಚಿದ ಗ್ರಿಲ್ ಇದ್ದರೆ ಅದರೊಳಗೇ ಇಡಬಹುದು. ಪ್ಲಿನಿ ಕಂಡಂತೆ ರೋಮಿನಲ್ಲಿ ತೋಟವನ್ನು ನುಂಗಿದ ಕಳ್ಳರ ಭಯವೇ ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಗಿಡಕ್ಕೊಂದು ಜಾಗ ಕೊಟ್ಟಿದೆ.

ಪೆಟ್ಟಿಗೆಗೆ ತೇಗ ಅಥವಾ ಹಲಸಿನ ಮರ ಆಗಬಹುದು. ಪ್ಲೈವುಡ್ ಬೇಡ, ನೀರು ಕುಡಿದು ಪದರ ಬಿಡುತ್ತದೆ. ಮೂರಡಿ ಉದ್ದ, ಎಂಟು ಇಂಚು ಅಗಲ, ಅಷ್ಟೇ ಆಳ ಇದ್ದರೆ ಸಾಕು. ಮೊಳೆ ಹೊಡೆಯುವ ಬದಲು ತುಕ್ಕು ಹಿಡಿಯದ ಸ್ಕ್ರೂ ಹಾಕಲು ಆಚಾರಿಗೆ ಹೇಳಿ. ಒದ್ದೆಯಾಗಿ ಒಣಗಿ ಮರ ಹಿಗ್ಗಿ ಕುಗ್ಗಿದಂತೆ ಮೊಳೆ ಸಡಿಲವಾಗುತ್ತದೆ. ತಳದಲ್ಲಿ ಅರ್ಧ ಇಂಚಿನ ತೂತುಗಳನ್ನು ಗೇಣಿಗೊಂದರಂತೆ ಕೊರೆಸಿ, ಪೆಟ್ಟಿಗೆಯ ಕೆಳಗೆ ಎರಡು ಮರದ ಪಟ್ಟಿ ಹೊಡೆಸಿ. ನೀರು ಬಸಿದು ಹೋಗಬೇಕು, ತಳಕ್ಕೆ ಗಾಳಿಯಾಡಬೇಕು. ಕೊಳೆಯುವುದು ಯಾವಾಗಲೂ ತಳದಿಂದಲೇ. ಹೊರಮೈಗೆ ಕರಾವಳಿಯವರು ಮರಕ್ಕೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆ ಒಳ್ಳೆಯದು, ಕೈಗೆ ತಾಗದಂತೆ ಮಾತ್ರ ನೋಡಿಕೊಳ್ಳಬೇಕು, ಚರ್ಮ ಸುಡುತ್ತದೆ. ಕೆಂಪುಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಸಮಪಾಲು ಬೆರೆಸಿ ತುಂಬಿದರೆ ಭಾರ ತಗ್ಗುತ್ತದೆ.

ಬೆಂಗಳೂರು, ಕೊಡಗು, ಚಿಕ್ಕಮಗಳೂರಿನ ತಂಪಿಗೆ ಜೆರೇನಿಯಂ ಒಗ್ಗುತ್ತದೆ. ಮಂಗಳೂರಿನ ಮಳೆಗೆ ಅದು ಕೊಳೆತುಹೋಗುತ್ತದೆ. ಕಲಬುರಗಿ, ರಾಯಚೂರಿನ ಬಿಸಿಲಿಗೆ ನಿತ್ಯಪುಷ್ಪ, ಟೇಬಲ್ ರೋಸ್‌ಗಳೇ ಸರಿ. ಜೆರೇನಿಯಂ ಬೇಕೆನ್ನುವವರು ಮಳೆ ಹಿಂದೆಗೆದ ಮೇಲೆ ಗೆಣ್ಣಿನ ಕೆಳಗೆ ಕತ್ತರಿಸಿದ ತುಂಡೊಂದನ್ನು ಒಂದು ದಿನ ನೆರಳಿನಲ್ಲಿ ಒಣಗಿಸಿ ನೆಡಿ. ಪೆಟ್ಟಿಗೆ ಕೂರಿಸುವ ಮುನ್ನ ಆಂಗಲ್ ಎಷ್ಟು ಗಟ್ಟಿಯಾಗಿದೆ ಎಂದು ನೋಡಿಕೊಳ್ಳಿ: ಒದ್ದೆ ಮಣ್ಣು ಸೇರಿದರೆ ಪೆಟ್ಟಿಗೆಯ ತೂಕ 35 ಕಿಲೋ ದಾಟಬಹುದು, ಕೆಳಗೆ ಜನ ಓಡಾಡುತ್ತಿರುತ್ತಾರೆ.