ಎಂಜಿನ್ ಹೊತ್ತ ಸೈಕಲ್ಲು, 25 ಸಿಸಿಯ ಗೆರೆ

ಹಿತ್ತಿಲಿನ ಗೋಡೆಗೆ ಒರಗಿ ನಿಂತ ಅಜ್ಜನ ಕಾಲದ ಕಪ್ಪು ಸೈಕಲ್ಲು. ಮನೆಯಲ್ಲಿ ಐಟಿಐ ಮುಗಿಸಿದ, ಅಥವಾ ಮುಗಿಸದೆಯೇ ಸ್ಪ್ಯಾನರ್ ಹಿಡಿಯಲು ಕಲಿತ ಹುಡುಗನೊಬ್ಬನಿದ್ದರೆ ಅದು ಬಹಳ ದಿನ ಹಾಗೇ ನಿಂತಿರುವುದಿಲ್ಲ. ಒಂದು ದಿನ ಅದರ ತುಕ್ಕು ಉಜ್ಜುವ ಕೆಲಸ ಶುರುವಾಗುತ್ತದೆ. ಇನ್ನೊಂದು ದಿನ ನಡುವಿನ ತ್ರಿಕೋನದಲ್ಲಿ ಪುಟ್ಟ ಎಂಜಿನ್ನು ಬಂದು ಕೂರುತ್ತದೆ. ಮೇಲಿನ ಕೊಳವೆಗೆ ಹಿತ್ತಾಳೆ ಮುಚ್ಚಳದ ಉದ್ದನೆಯ ಪೆಟ್ರೋಲ್ ಟ್ಯಾಂಕು, ಕಂದು ಚರ್ಮದ ಸೀಟು, ಕೆಳಕ್ಕೆ ಬಾಗಿದ ಹ್ಯಾಂಡಲು, ಕೆನೆ ಬಣ್ಣದ ಟೈರು. ಊರವರು ಸುತ್ತ ನೆರೆಯುತ್ತಾರೆ, ಫೋಟೋ ತೆಗೆಯುತ್ತಾರೆ, ಪತ್ರಿಕೆಯಲ್ಲೂ ನಾಲ್ಕು ಸಾಲು ಬರುತ್ತದೆ. ಮಾರನೆಯ ದಿನ ಪೇಟೆಯ ಸರ್ಕಲ್ಲಿನಲ್ಲಿ ಪೊಲೀಸಿನವರು ಕೈ ಅಡ್ಡ ಹಿಡಿದು 'ಆರ್‌ಸಿ ಎಲ್ಲಪ್ಪಾ?' ಎಂದು ಕೇಳಿದಾಗ ಸಂಭ್ರಮವೆಲ್ಲ ಅಲ್ಲೇ ನಿಲ್ಲುತ್ತದೆ.

ಸೈಕಲ್ಲಿಗೆ ಎಂಜಿನ್ ಕೂಡಿಸುವುದು ಹೊಸ ಹುಚ್ಚೇನಲ್ಲ. ಮೋಟರ್ ಸೈಕಲ್ಲು ಹುಟ್ಟಿದ್ದೇ ಹಾಗೆ. 1897ರಲ್ಲಿ ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ವರ್ನರ್ ಸೋದರರು ಸೈಕಲ್ಲಿನ ಮುಂಗಾಲಿಯ ಮೇಲೆ ಎಂಜಿನ್ ಇಟ್ಟು ಅದಕ್ಕೆ 'ಮೋಟೋಸಿಕ್ಲೆಟ್' ಎಂದು ಹೆಸರಿಟ್ಟರು. ಭಾರವೆಲ್ಲ ಮೇಲೆಯೇ ಇದ್ದುದರಿಂದ ಒದ್ದೆ ರಸ್ತೆಯಲ್ಲಿ ಅದು ಜಾರಿ ಬೀಳುತ್ತಿತ್ತು. 1901ರಲ್ಲಿ ಅವರೇ ಎಂಜಿನ್ನನ್ನು ಕೆಳಗೆ, ಪೆಡಲಿನ ಜಾಗಕ್ಕೆ ಇಳಿಸಿದರು. ಇಂದಿಗೂ ಬಹುಪಾಲು ಮೋಟರ್ ಸೈಕಲ್ಲುಗಳ ಎಂಜಿನ್ ಇರುವುದು ಅಲ್ಲೇ. ಎರಡನೇ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಜಪಾನಿನ ಸೋಯಿಚಿರೋ ಹೋಂಡಾ ಸೈನ್ಯದ ರೇಡಿಯೋಗಳಿಗೆ ವಿದ್ಯುತ್ ಒದಗಿಸಲು ಇದ್ದ ಪುಟ್ಟ ಎಂಜಿನ್ನುಗಳನ್ನು ಕೊಂಡು ತಂದು ಸೈಕಲ್ಲಿಗೆ ಕೂಡಿಸಿದ. ಮೊದಲ ಮಾದರಿಗೆ ಪೆಟ್ರೋಲ್ ಟ್ಯಾಂಕಾಗಿ ಬಳಸಿದ್ದು ಹಾಸಿಗೆ ಬೆಚ್ಚಗಿಡುವ ಬಿಸಿನೀರಿನ ಬುರುಡೆಯನ್ನು! ಅದೇ ವರ್ಷ ಫ್ರಾನ್ಸಿನಲ್ಲಿ ವೆಲೋಸೋಲೆಕ್ಸ್ ಮಾರುಕಟ್ಟೆಗೆ ಬಂತು. ಮುಂದಿನ ಟೈರಿಗೆ ಉರುಳೆಯೊಂದನ್ನು ಒತ್ತಿ ತಿರುಗಿಸುವ ಸರಳ ಯಂತ್ರ. ನಮ್ಮಲ್ಲಿ 1972ರ ಲೂನಾ, 1980ರಲ್ಲಿ ಹೊಸೂರಿನಿಂದ ಬಂದ ಟಿವಿಎಸ್ 50 ಇದೇ ವಂಶದವು.

ಈಗಿನ ಹುಡುಗರಿಗೆ ಇಷ್ಟವಾಗಿರುವ 'ವಿಂಟೇಜ್' ರೂಪ ಮಾತ್ರ ಬೇರೆ ಕಡೆಯದು. ಉದ್ದ ಟ್ಯಾಂಕು, ಬಾಗಿದ ಹ್ಯಾಂಡಲು, ಮಡ್‌ಗಾರ್ಡ್ ಇಲ್ಲದ ಬೋಳು ಗಾಲಿ, ಇವೆಲ್ಲ 1910ರ ದಶಕದ ಅಮೆರಿಕದ ಮರದ ಹಲಗೆ ಪಂದ್ಯದ ಬೈಕುಗಳ ನಕಲು. ಬಾಣಲೆಯ ಅಂಚಿನಂತೆ ಇಳಿಜಾರಾಗಿ ಹಲಗೆ ಜೋಡಿಸಿದ ವೃತ್ತಾಕಾರದ ಮೈದಾನಗಳಲ್ಲಿ ಆ ಬೈಕುಗಳು ಓಡುತ್ತಿದ್ದವು. ಅವುಗಳಿಗೆ ಬ್ರೇಕೇ ಇರಲಿಲ್ಲ. 1912ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿ ಎಡ್ಡಿ ಹಾಷಾ ಎಂಬ ಪ್ರಸಿದ್ಧ ಸವಾರ ನಿಯಂತ್ರಣ ತಪ್ಪಿದಾಗ ಅವನ ಜೊತೆಗೆ ಇನ್ನೊಬ್ಬ ಸವಾರನೂ, ಅಂಚಿನಲ್ಲಿ ಬಗ್ಗಿ ನೋಡುತ್ತಿದ್ದ ಪ್ರೇಕ್ಷಕರೂ ಸತ್ತರು. ಚಂದವನ್ನು ನಕಲು ಮಾಡಲಿ, ತಪ್ಪಿಲ್ಲ. ಆದರೆ ನಕಲಾಗುತ್ತಿರುವುದು ಬ್ರೇಕಿಲ್ಲದ ವಾಹನ ಎಂಬುದು ನೆನಪಿರಬೇಕು.

ಇನ್ನು ಕಾನೂನಿಗೆ ಬರೋಣ. 1988ರ ಮೋಟಾರು ವಾಹನ ಕಾಯಿದೆಯ ಎರಡನೇ ಕಲಮಿನಲ್ಲಿ 'ಮೋಟಾರು ವಾಹನ ಎಂದರೇನು' ಎಂಬ ವಿವರಣೆ ಇದೆ. ಅದರ ಕೊನೆಯಲ್ಲಿ ಒಂದು ಸಣ್ಣ ವಿನಾಯಿತಿ: ನಾಲ್ಕಕ್ಕಿಂತ ಕಡಿಮೆ ಗಾಲಿಯ, 25 ಘನ ಸೆಂಟಿಮೀಟರ್ ಮೀರದ ಎಂಜಿನ್ ಇರುವ ವಾಹನ ಮೋಟಾರು ವಾಹನವಲ್ಲ. ಕಾಯಿದೆ ಮೊದಲು ಬಂದಾಗ ಈ ಮಿತಿ 35 ಇತ್ತು; 1994ರ ತಿದ್ದುಪಡಿಯಲ್ಲಿ ಹತ್ತು ಇಳಿಯಿತು. ಈ ಗೆರೆಯ ಕೆಳಗಿದ್ದರೆ ಈ ಕಾಯಿದೆಯ ಪ್ರಕಾರ ನೋಂದಣಿ, ಲೈಸೆನ್ಸು, ವಿಮೆ ಯಾವುದೂ ಕಡ್ಡಾಯವಲ್ಲ. ಗೆರೆ ದಾಟಿತೋ, ಬುಲೆಟ್ಟಿಗೂ ಆ ಸೈಕಲ್ಲಿಗೂ ಕಾನೂನಿನ ಕಣ್ಣಿನಲ್ಲಿ ವ್ಯತ್ಯಾಸವಿಲ್ಲ.

ದಾಟಿದ ಮೇಲೆ ನೋಂದಣಿ ಮಾಡಿಸಿದರಾಯಿತಲ್ಲ ಎಂದು ಹಲವರು ಆರ್‌ಟಿಓ ಕಚೇರಿಗೆ ಅಲೆಯುವುದುಂಟು. ಅಲ್ಲಿ ಕೇಳುವುದು ಮಾರಾಟದ ಪ್ರಮಾಣಪತ್ರ, ತಯಾರಕರು ಕೊಟ್ಟ ರಸ್ತೆ ಯೋಗ್ಯತೆಯ ಪ್ರಮಾಣಪತ್ರ, ಚಾಸಿ ನಂಬರು, ಎಂಜಿನ್ ನಂಬರು. ಆ ಪ್ರಮಾಣಪತ್ರ ಕೊಡಬೇಕಾದರೆ ತಯಾರಕರು ವಾಹನದ ಮಾದರಿಯನ್ನು ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆಗೆ ಒಡ್ಡಿ ಒಪ್ಪಿಗೆ ಪಡೆದಿರಬೇಕು. ಹೊಗೆ, ಬ್ರೇಕು, ದೀಪ, ಸದ್ದು ಎಲ್ಲಕ್ಕೂ ಅಲ್ಲಿ ಅಳತೆಯುಂಟು. 2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆ ನಿಯಮವೂ ಸೇರಿದೆ. ಸಾವಿರಾರು ವಾಹನ ಮಾರುವ ಕಂಪನಿಗೆ ಇದು ವ್ಯವಹಾರದ ಖರ್ಚು. ಒಂದೇ ಸೈಕಲ್ಲು ಕಟ್ಟಿದ ಹುಡುಗನಿಗೆ ದಾಟಲಾಗದ ಗೋಡೆ. ಹವ್ಯಾಸಿ ಕಟ್ಟಿದ ಒಂಟಿ ವಾಹನಕ್ಕೆ ಬೇರೆಯದೇ ಸರಳ ತಪಾಸಣೆ ಇದ್ದಿದ್ದರೆ ಚೆನ್ನಾಗಿತ್ತು ಎನ್ನುವವರ ಮಾತಿನಲ್ಲಿ ಹುರುಳಿದೆ.

'ರಸ್ತೆ ಬೇಡ, ನಮ್ಮ ತೋಟದೊಳಗೆ ಓಡಿಸುತ್ತೇವೆ, ಕೇಳುವವರಾರು?' ಎಂಬ ವಾದವೂ ಗಟ್ಟಿಯಲ್ಲ. ನೋಂದಣಿಯ 39ನೇ ಕಲಮು ಸಾರ್ವಜನಿಕ ಸ್ಥಳದ ಜೊತೆಗೆ 'ಬೇರಾವುದೇ ಸ್ಥಳ'ವನ್ನೂ ಹೆಸರಿಸುತ್ತದೆ. ಕಟ್ಟಿದವನು ಇನ್ನೂ ಹದಿನೆಂಟು ತುಂಬದ ಹುಡುಗನಾಗಿದ್ದರಂತೂ ವಿಷಯ ಅಪ್ಪನ ತಲೆಗೆ ಬರುತ್ತದೆ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಮೋಟಾರು ವಾಹನ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ಹಾಗಾದರೆ ಎಂಜಿನ್ ಎಷ್ಟು ಸಿಸಿಯದು ಎಂದು ತಿಳಿಯುವುದು ಹೇಗೆ? ಅಂಗಡಿಯವರ ಮಾತು ನಂಬುವಂತಿಲ್ಲ. ಚೀನಾದಿಂದ ಬರುವ, ಸೈಕಲ್ಲಿಗೆಂದೇ ಮಾಡಿದ ಎರಡು ಸ್ಟ್ರೋಕ್ ಕಿಟ್ಟುಗಳು '80 ಸಿಸಿ' ಎಂಬ ಹೆಸರಿನಲ್ಲಿ ಮಾರಾಟವಾಗುತ್ತವೆ. ಅದರ ಸಿಲಿಂಡರಿನ ವ್ಯಾಸ 47 ಮಿಲಿಮೀಟರ್, ಪಿಸ್ಟನ್ ಚಲಿಸುವ ದೂರ 38. ಹೈಸ್ಕೂಲಿನ ಸಿಲಿಂಡರ್ ಗಾತ್ರದ ಸೂತ್ರ ಹಾಕಿ ನೋಡಿ: ಬರುವುದು 66 ಸಿಸಿ. ಅದರ ತಮ್ಮ, ವ್ಯಾಸ 40 ಇರುವುದು, 48 ಸಿಸಿ. ಅಂದರೆ ಎರಡೂ ಗೆರೆಯ ಆಚೆ. ಕಿಟ್ ಮಾರುವುದು ತಪ್ಪಲ್ಲವಾದ್ದರಿಂದ ಅದನ್ನು ರಸ್ತೆಗೆ ಇಳಿಸುವುದೂ ತಪ್ಪಲ್ಲ ಎಂದುಕೊಂಡು ಹಣ ಕಳೆದುಕೊಂಡವರು ಇದ್ದಾರೆ.

ಗೆರೆಯೊಳಗೆ ಸಿಗುವ ಎಂಜಿನ್ನುಗಳನ್ನು ಮಲೆನಾಡಿನವರು ದಿನಾ ನೋಡುತ್ತಾರೆ: ತೋಟದಲ್ಲಿ ಹುಲ್ಲು ಹೊಡೆಯುವ ಮೆಷಿನ್ನಿನವು. ಉದಾಹರಣೆಗೆ ಹೋಂಡಾ ಜಿಎಕ್ಸ್25. ನಾಲ್ಕು ಸ್ಟ್ರೋಕು, ತೂಕ ಮೂರು ಕಿಲೋದ ಆಸುಪಾಸು, ನಿಮಿಷಕ್ಕೆ 7,000 ಸುತ್ತಿನಲ್ಲಿ ಸುಮಾರು ಒಂದು ಅಶ್ವಶಕ್ತಿ. ವ್ಯಾಸ 35 ಮಿ.ಮೀ., ಚಲನೆ 26 ಮಿ.ಮೀ. ಗುಣಿಸಿದರೆ 25.01 ಬರುತ್ತದೆ! ಗಾಬರಿ ಬೇಡ. ಅಳತೆಗಳನ್ನು ಪೂರ್ಣಾಂಕಕ್ಕೆ ಕೊಟ್ಟಿರುವುದರಿಂದ ದಶಮಾಂಶದ ಎರಡನೇ ಸ್ಥಾನಕ್ಕೆ ಅರ್ಥವಿಲ್ಲ. ತಯಾರಕರು ಬರೆದಿರುವುದು 25 ಎಂದೇ. ಆ ಅಂಕಿ ಇರುವ ಬಿಲ್ಲು, ಎಂಜಿನ್ನಿನ ಕೈಪಿಡಿ, ಕಾಯಿದೆಯ ಆ ಪುಟದ ಜೆರಾಕ್ಸು ಮೂರನ್ನೂ ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು. ಸರ್ಕಲ್ಲಿನಲ್ಲಿ ನಿಂತ ಪೊಲೀಸರಿಗೆ ವಿವರಣೆಯ ಕೊನೆಯ ಸಾಲು ನೆನಪಿರಲೇಬೇಕು ಎಂದೇನಿಲ್ಲ. ಅದರ ಅಣ್ಣ ಜಿಎಕ್ಸ್35 ಮಾತ್ರ 35.8 ಸಿಸಿ, ಹಳೆಯ ಮಿತಿಗೂ ಸಿಗದು.

ಒಂದು ಅಶ್ವಶಕ್ತಿ ಸಾಲದು ಎನ್ನುವವರಿಗೆ ಒಂದು ಲೆಕ್ಕ. ಸವಾರನೂ ಸೈಕಲ್ಲೂ ಸೇರಿ ನೂರು ಕಿಲೋ ಎಂದುಕೊಂಡರೆ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 25 ಕಿಲೋಮೀಟರ್ ಹೋಗಲು ಗಾಳಿಯ ತಡೆ, ಟೈರಿನ ತಡೆ ಎರಡೂ ಸೇರಿ 175 ವಾಟ್ ಸುಮಾರು ಸಾಕು. 45ಕ್ಕೆ ಏರಿದರೆ 800 ವಾಟ್ ಬೇಕು. ವೇಗ ಇಮ್ಮಡಿಯೂ ಆಗಲಿಲ್ಲ, ಶಕ್ತಿ ನಾಲ್ಕೂವರೆ ಪಟ್ಟು ಬೇಕಾಯಿತು. ಗಾಳಿ ಎಂಬ ಗೋಡೆ ಅಂಥದ್ದು. ಆದ್ದರಿಂದ 30ರ ಆಸುಪಾಸಿಗೆ ತೃಪ್ತಿಪಟ್ಟರೆ ಪುಟ್ಟ ಎಂಜಿನ್ನೇ ಧಾರಾಳ. ಏರಿನಲ್ಲಿ ಪೆಡಲು ತುಳಿದು ಕೈ ಜೋಡಿಸಿದರಾಯಿತು.

ಜಾಣ್ಮೆ ಬೇಕಾದದ್ದು ಹಲ್ಲುಚಕ್ರದಲ್ಲಿ. ದೊಡ್ಡ ಸೈಕಲ್ಲಿನ ಗಾಲಿ ಒಂದು ಸುತ್ತಿಗೆ 2.2 ಮೀಟರ್ ಸಾಗುತ್ತದೆ. ಗಂಟೆಗೆ 30 ಕಿ.ಮೀ. ಎಂದರೆ ಗಾಲಿ ನಿಮಿಷಕ್ಕೆ ಸುಮಾರು 227 ಸುತ್ತು, ಎಂಜಿನ್ 7,000 ಸುತ್ತು. ಅಂದರೆ 31ಕ್ಕೆ ಒಂದರಂತೆ ಇಳಿಸಬೇಕು. ಒಂದೇ ಜೋಡಿ ಚಕ್ರದಲ್ಲಿ ಇದು ಆಗದು. ನಡುವೆ ಇನ್ನೊಂದು ಅಕ್ಷ ಹಾಕಿ, ಆರಕ್ಕೆ ಒಂದು, ಐದಕ್ಕೆ ಒಂದು ಹೀಗೆ ಎರಡು ಹಂತ ಮಾಡಬೇಕು. ಲೇತ್ ಅಂಗಡಿಯವರ ನಿಜವಾದ ಕೆಲಸ ಇದು. ಹಿಂದಿನ ಗಾಲಿಯ ಕಡ್ಡಿಗಳ ನಡುವೆ ರಬ್ಬರು ಸಿಕ್ಕಿಸಿ ಹಲ್ಲುಚಕ್ರವನ್ನು ಬೋಲ್ಟಿನಿಂದ ಬಿಗಿಯುವ ವಿಧಾನ ಕಿಟ್ಟುಗಳಲ್ಲಿ ಬರುತ್ತದೆ. ಅಗ್ಗವೇನೋ ಹೌದು, ಆದರೆ ಎಳೆತವೆಲ್ಲ ಕಡ್ಡಿಗಳ ಮೇಲೆ ಬಿದ್ದು ಒಂದೊಂದಾಗಿ ಮುರಿಯುತ್ತವೆ. ಹಬ್ಬಿಗೇ ಬಿಗಿಯುವುದು ಸರಿ. ಹಾಲಿನವರು ಬಳಸುವ ಎರಡು ಬಾರಿನ ದಪ್ಪ ಕಡ್ಡಿಯ ಸೈಕಲ್ಲು ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ.

ಹೊಗೆ, ಸದ್ದು ಬೇಡ ಎನ್ನುವವರಿಗೆ ವಿದ್ಯುತ್ ದಾರಿ ಇದೆ, ಅಲ್ಲೂ ಒಂದು ಗೆರೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಪೆಡಲು ಸೈಕಲ್ಲಿನ ಸಹಾಯಕ ಮೋಟರು ಅರ್ಧ ಗಂಟೆ ನಿರಂತರ ಕೊಡುವ ಶಕ್ತಿ 0.25 ಕಿಲೋವಾಟಿಗಿಂತ ಕಡಿಮೆ ಇರಬೇಕು. ವೇಗ 25 ಕಿ.ಮೀ. ತಲುಪಿದಾಗ ಅಥವಾ ಸವಾರ ತುಳಿಯುವುದನ್ನು ನಿಲ್ಲಿಸಿದಾಗ ಅದು ತಾನೇ ನಿಲ್ಲಬೇಕು. ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರಬಾರದು. ತಕ್ಕ ಬ್ರೇಕು, ಮುಂದೆ ಬಿಳಿ, ಹಿಂದೆ ಕೆಂಪು ಪ್ರತಿಫಲಕ ಬೇಕು. 'ಲೈಸೆನ್ಸ್ ಬೇಡ ಸಾರ್' ಎಂದು 500, 750 ವಾಟಿನ ಕಿಟ್ ಮಾರುವವರಿಗೆ ಈ ಸಾಲನ್ನು ತೋರಿಸಬೇಕು.

ಹಳೆಯ ಮೊಪೆಡ್ಡಿನ ಆರ್‌ಸಿ ಪುಸ್ತಕ ಇಟ್ಟುಕೊಂಡು, ಅದರ ಎಂಜಿನ್ ಕಿತ್ತು ಸೈಕಲ್ಲಿಗೆ ಹಾಕುವ ಒಳದಾರಿ ಹುಡುಕುವವರೂ ಇದ್ದಾರೆ. ಇದು ನಡೆಯದು. ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವಂತೆ ವಾಹನ ಬದಲಿಸಬಾರದೆಂದು 52ನೇ ಕಲಮು ಹೇಳುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಖಚಿತಪಡಿಸಿದೆ. 'ವಿಂಟೇಜ್' ನೋಂದಣಿಯ ಆಸೆಯೂ ಬೇಡ. 2021ರ ನಿಯಮದಲ್ಲಿ ಆ ಪಟ್ಟ ಸಿಗುವುದು ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಕ್ಕೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಮೇಲಾಗಿ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಹಳೆಯದರಂತೆ ಕಾಣುವುದು ಬೇರೆ, ಹಳೆಯದಾಗಿರುವುದು ಬೇರೆ. ದಾಖಲೆ ಸರಿಯಿರುವ ಹಳೆಯ ಲೂನಾ ಸಿಕ್ಕರೆ ಅದನ್ನು ಇದ್ದಂತೆಯೇ ಹೊಸದು ಮಾಡಿ, ಊರ್ಜಿತ ನೋಂದಣಿ ವಿಮೆಗಳೊಂದಿಗೆ ಓಡಿಸುವುದರಲ್ಲೂ ಸುಖವಿದೆ.

ವಿಮೆಯ ಮಾತನ್ನು ಹಗುರಾಗಿ ಬಿಡುವಂತಿಲ್ಲ. ಶಾಲೆ ಬಿಟ್ಟು ಬರುವ ಮಗುವೊಂದಕ್ಕೆ ಡಿಕ್ಕಿ ಹೊಡೆದರೆ, ನೋಂದಾಯಿತ ವಾಹನವಾದರೆ ಮೂರನೇ ವ್ಯಕ್ತಿಯ ವಿಮೆ ಪರಿಹಾರ ಕೊಡುತ್ತದೆ. 66 ಸಿಸಿಯ ಕದ್ದುಮುಚ್ಚಿನ ಸೈಕಲ್ಲಾದರೆ ಓಡಿಸಿದವನ ಹೊಲ, ಮನೆಯ ಮೇಲೆ ಬರುತ್ತದೆ. 25 ಸಿಸಿಯೊಳಗಿನದಾದರೂ ವಿಮೆ ಕಡ್ಡಾಯವಲ್ಲ ಅಷ್ಟೇ, ಹೊಣೆ ತಪ್ಪುವುದಿಲ್ಲ. ಅಜಾಗರೂಕ ಚಾಲನೆಯ ಅಪರಾಧ 'ಯಾವುದೇ ವಾಹನ'ಕ್ಕೆ ಅನ್ವಯಿಸುತ್ತದೆ, 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ. ಹೆಲ್ಮೆಟ್ಟಿನ ವಿಷಯವೂ ಹಾಗೆಯೇ. ಕಾನೂನು ಕೇಳದಿದ್ದರೂ ನೆಲ ಕೇಳುತ್ತದೆ.

ಕೊನೆಗೆ ಬ್ರೇಕು, ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ. ಅಜ್ಜನ ಸೈಕಲ್ಲಿನ ಸರಳಿನ ಬ್ರೇಕು ಗಂಟೆಗೆ 15 ಕಿ.ಮೀ. ವೇಗಕ್ಕೆ ಮಾಡಿದ್ದು. ವೇಗ 45ಕ್ಕೆ ಏರಿದರೆ ಚಲನಶಕ್ತಿ ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ಅದನ್ನೆಲ್ಲ ಆ ಎರಡು ಜೊತೆ ರಬ್ಬರು ತುಂಡುಗಳೇ ಬಿಸಿಯಾಗಿಸಿ ಕಳೆಯಬೇಕು. ಮಳೆಯಲ್ಲಿ ನೆನೆದ ಕ್ರೋಮಿಯಂ ರಿಮ್ಮಿನ ಮೇಲೆ ಆ ರಬ್ಬರು ಎಷ್ಟು ಹಿಡಿಯುತ್ತದೆಂದು ಸೈಕಲ್ ತುಳಿದವರಿಗೆಲ್ಲ ಗೊತ್ತು. ಮೊಪೆಡ್ಡಿನ ಡ್ರಮ್ ಬ್ರೇಕಿರುವ ಹಬ್ಬನ್ನು ಎರಡೂ ಗಾಲಿಗೆ ಕೂರಿಸಿ ಕಡ್ಡಿ ಹೆಣೆಸುವುದು ಒಳ್ಳೆಯದು. ನಂತರ ಖಾಲಿ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು, 25 ಕಿ.ಮೀ. ವೇಗದಲ್ಲಿ ಬಂದು ಗೆರೆಯ ಮೇಲೆ ಬ್ರೇಕು ಹಿಡಿದು ನೋಡಬೇಕು. ಬ್ರೇಕು ಚೆನ್ನಾಗಿದ್ದರೆ ಎಂಟು ಮೀಟರಿನೊಳಗೆ ನಿಲ್ಲಬೇಕು. ಆಮೇಲೆ ಗಾಲಿಗಳಿಗೆ ಒಂದು ಕೊಡ ನೀರು ಸುರಿದು ಮತ್ತೆ ಅದೇ ಪರೀಕ್ಷೆ. ಎರಡನೇ ಅಳತೆಯೂ ಸಮಾಧಾನ ತಂದ ಮೇಲೆ ಟ್ಯಾಂಕಿಗೆ ಬಣ್ಣ ಬಳಿಯಬಹುದು.