ಯಜಮಾನರ ಯೆಜ್ಡಿಗೂ ಬೇಕು ಆರೈಕೆ

ಸ್ಪೋರ್ಟ್ಸ್ ಕಾರಿನ ಶೋಕಿ ನಮ್ಮ ಚಳ್ಳಕೆರೆ ಕಡೆಯವರಿಗೆ ಎಲ್ಲಿಂದ ಬರಬೇಕು? ನಮ್ಮ ಗಂಡಸರ ಆ ಹುಚ್ಚು ತೀರಿಸಿದ್ದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. ಮೊದಲು ಜಾವಾ, 1973ರಿಂದ ಯೆಜ್ಡಿ. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಈಗ ಅದೇ ಹೆಸರಿನ ಹೊಸ ಗಾಡಿಗಳು ಬಂದಿವೆ, ಹಳೆಯದರ ಬಿಡಿಭಾಗ ಮಾತ್ರ ಹುಡುಕಿಯೇ ತರಬೇಕು.

ನಮ್ಮನೆಯ ರೋಡ್‌ಕಿಂಗನ್ನು ಗುಜರಿಗೆ ಹಾಕಿ ಅಂತ ಮಗನ ಹಟ. ಯಜಮಾನರು ಊಟ ಬಿಟ್ಟಾರು, ಗಾಡಿ ಬಿಡಲಾರರು. ನಾನೂ ಅವರ ಪಕ್ಷವೇ, ಆದರೆ ಒಂದು ಷರತ್ತು: ಗಾಡಿಯ ಖರ್ಚಿಗೆ ಬೇರೆ ಡಬ್ಬಿ, ದಿನಸಿ ದುಡ್ಡಿಗೆ ಕೈ ಹಾಕಕೂಡದು.

ಇದು ಟೂ ಸ್ಟ್ರೋಕ್ ಇಂಜಿನ್. ಪೆಟ್ರೋಲಿಗೇ ಟೂ-ಟಿ ಆಯಿಲ್ ಬೆರೆಸಬೇಕು, ಲೀಟರಿಗೆ ಸುಮಾರು 40 ಮಿ.ಲೀ. (ಎಣ್ಣೆಗೆ ಹೆಸರಾದ ಊರು ನಮ್ಮದು, ಹಾಗಂತ ಶೇಂಗಾ ಎಣ್ಣೆ ಅಲ್ಲ ಕಣ್ರೀ!) ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಹೊಗೆ, ಸೈಲೆನ್ಸರಿನೊಳಗೆ ಮಸಿ. ಒಳಗಿನ ಕೊಳವೆ ಬಿಚ್ಚಿ ಮಸಿ ಕೆರೆದರೆ ಎಳೆತ ಮತ್ತೆ ಬರುತ್ತದೆ. ಆ ಕೆಲಸ ಹಿತ್ತಲಲ್ಲೇ ಮಾಡಿಸಿ, ಬಚ್ಚಲಿಗೆ ಬಿಟ್ಟುಕೊಳ್ಳಬೇಡಿ!

ಟ್ಯಾಂಕಿಗೆ ಬಣ್ಣ, ಸೀಟಿಗೆ ರೆಕ್ಸಿನ್ ಅವರಿಷ್ಟ. ಆದರೆ ಅಂದ ಕೆಡುತ್ತೆ ಅಂತ ಸ್ಯಾರಿ ಗಾರ್ಡ್ ಬಿಚ್ಚಲು ಹೊರಟರೆ ಸುತರಾಂ ಒಪ್ಪಬೇಡಿ. ಮೊಳಕಾಲ್ಮೂರಿಗೆ ರೇಷ್ಮೆ ಸೀರೆ ತರಲು ಹೋದಾಗ ಸೆರಗು ಚಕ್ರಕ್ಕೆ ಸಿಕ್ಕರೆ ಹೋಗುವುದು ಸೀರೆಯೊಂದೇ ಅಲ್ಲ, ಪ್ರಾಣಕ್ಕೇ ಸಂಚಕಾರ. ಹೆಲ್ಮೆಟ್ ಇಬ್ಬರಿಗೂ ಬೇಕು.

15 ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಆ ತಾರೀಖನ್ನು ಅಡುಗೆಮನೆ ಕ್ಯಾಲೆಂಡರಿನಲ್ಲೇ ಗುರುತು ಹಾಕಿಡಿ.